ಹತ್ತಡಿ ಕೋಣೆಗೆ ಆಗದ ಲೆನ್ಸು

ಕ್ಯಾಮೆರಾ ಸಾಮಾನು ಕೊಳ್ಳುವ ವಿಷಯದಲ್ಲಿ ಈಗೀಗ ಯಾರಾದರೂ ನನಗೆ ಸಲಹೆ ಕೊಡಲು ಬಾಯಿ ತೆರೆದರೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಅವರ ಮೇಲೆ ಎಸೆಯಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಕೈಯಲ್ಲಿರುವುದು ಸಾಮಾನ್ಯವಾಗಿ ಲೆನ್ಸೇ ಆದ್ದರಿಂದ ಎಸೆಯುವುದಿಲ್ಲ. ನನ್ನ ಸಿಟ್ಟಿಗೂ ಅಷ್ಟು ಲೆಕ್ಕಾಚಾರ ಗೊತ್ತು. ಹಿಂದೆ ಹೀಗಿರಲಿಲ್ಲ. ಸಲಹೆ ಎಂದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅದೇ ಪುಸ್ತಕ ಈಗ ನನ್ನೆದುರಿಗಿದೆ, ಅದನ್ನು ನೋಡಿದಾಗಲೆಲ್ಲ ಸಿಟ್ಟು ಇನ್ನೊಂದು ಮೆಟ್ಟಿಲು ಏರುತ್ತದೆ.

ಪುಸ್ತಕದಲ್ಲಿ ಇರುವುದು ಒಂದು ಪಟ್ಟಿ. ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಆಮೇಲೆ, ಯಾವುದನ್ನು ದೇವರು ಕಣ್ಣು ತೆರೆದಾಗ. ಲೆನ್ಸು, ಹೊಸ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಫ್ಲ್ಯಾಶು, ಚೀಲ. ಇವುಗಳಲ್ಲಿ ಒಂದೊಂದೂ ಒಂದೊಂದು ಸಲ ಮೊದಲ ಸ್ಥಾನದಲ್ಲಿ ಕೂತು ಇಳಿದಿವೆ. ನಾನು ಬೀದರ್ ಜಿಲ್ಲೆಯ ಹುಮನಾಬಾದಿನ ಕಡೆಯವಳು. ಹದಿನಾಲ್ಕು ವರ್ಷದಿಂದ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿ, ಗಾಡಿಗಳಿಗೆ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡುತ್ತೇನೆ. ಅಂದರೆ ದಿನವಿಡೀ ಅಳತೆ ಹಿಡಿಯುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಆ ಪಾರ್ಟನ್ನು ಕೆಂಪು ಡಬ್ಬಿಗೆ ಹಾಕುತ್ತೇನೆ. ಇಷ್ಟು ಅಳತೆ ಬಲ್ಲವಳು ನಾನು ಎಂಬುದನ್ನು ದಯವಿಟ್ಟು ನೆನಪಿಡಿ. ಮುಂದೆ ನಾನು ಮಾಡಿದ್ದನ್ನು ಕೇಳಿದಾಗ ಬೈಯಲು ಅನುಕೂಲವಾಗುತ್ತದೆ.

ಮೊದಲು ಸಲಹೆಗಾರರನ್ನು ಬೈದು ಮುಗಿಸುತ್ತೇನೆ. ಫೋನಿನ ತೆರೆಯೊಳಗಿಂದ ಕೈ ಆಡಿಸುತ್ತ ಮಾತಾಡುವ ಒಂದು ಜಾತಿಯ ಪಂಡಿತರಿದ್ದಾರೆ. ಅವರಲ್ಲಿ ಒಬ್ಬ, "ಕ್ಯಾಮೆರಾ ಇವತ್ತು ಬರುತ್ತದೆ ನಾಳೆ ಹೋಗುತ್ತದೆ, ಲೆನ್ಸು ಮಾತ್ರ ಶಾಶ್ವತ" ಎಂದು ಎಷ್ಟು ಗಂಭೀರವಾಗಿ ಹೇಳುತ್ತಾನೆಂದರೆ, ಆತ್ಮದ ಬಗ್ಗೆ ಪ್ರವಚನ ಕೇಳಿದ ಹಾಗಾಗುತ್ತದೆ. ಮರುವಾರ ಅವನೇ ಹೊಸ ಕ್ಯಾಮೆರಾ ಹಿಡಿದು ಬಂದು, "ಇದಿಲ್ಲದೆ ನೀವು ಇಷ್ಟು ದಿನ ಹೇಗೆ ಬದುಕಿದಿರಿ" ಎಂದು ಕೇಳುತ್ತಾನೆ. ನಾನು ಬದುಕಿದ್ದೆನಪ್ಪ, ನಿನ್ನನ್ನು ನೋಡುವ ತನಕ ಚೆನ್ನಾಗಿಯೇ ಬದುಕಿದ್ದೆ. ಆಮೇಲೆ ನಮ್ಮ ಆಫೀಸಿನವರು. ಅವರಲ್ಲಿ ಒಬ್ಬ ಜೀವನದಲ್ಲಿ ಒಂದು ಫೋಟೋ ತೆಗೆದವನಲ್ಲ, ಆದರೆ ಯಾವ ಲೆನ್ಸಿನಲ್ಲಿ ಎಷ್ಟು ಗಾಜುಗಳಿವೆ ಎಂದು ಬಾಯಿಪಾಠ ಹೇಳುತ್ತಾನೆ. ಇವರೆಲ್ಲರೂ ಸೇರಿ ನನಗೆ ಕೇಳಿದ ಪ್ರಶ್ನೆಗಳನ್ನು ಗುಡ್ಡೆ ಹಾಕಿದರೆ ವಾಳೂಜಿನ ಗೋದಾಮು ತುಂಬುತ್ತದೆ. ಬಜೆಟ್ ಎಷ್ಟು, ಬೆಳಕು ಎಷ್ಟು, ಭಾರ ಎಷ್ಟು ಹೊರುತ್ತೀರಿ. ನಿಮ್ಮನ್ನು ಫೋಟೋ ತೆಗೆಯಲು ಕರೆಯುವವರು ಯಾರು ಎಂದು ಮಾತ್ರ ಒಬ್ಬನೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ, ಅದು ಬೇರೆ ಮಾತು. ಆ ಮಾತಿಗೆ ಬರುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಒಳ್ಳೆಯ ಪ್ರಶ್ನೆ ಕೇಳಿದವರು ನಮ್ಮ ಮನೆಯವರು. ದೀಪಾವಳಿ ಬೋನಸ್ಸು ಬಂದ ದಿನ ನಾನು ಪುಸ್ತಕ ಹಿಡಿದು ಪಟ್ಟಿ ತಿದ್ದುತ್ತ ಕೂತಿದ್ದಾಗ, ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮಿಕ್ಸರ್ ಕೆಟ್ಟು ತಿಂಗ್ಳಾತು. ಅದು ನಿನ್ ಪಟ್ಟಿಯೊಳಗ ಎಷ್ಟನೇದ್ ಅದ?" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಿಕ್ಸರನ್ನು ಒಬ್ಬ ಕಲಾವಿದೆಯ ಪಟ್ಟಿಯಲ್ಲಿ ತೂರಿಸುವುದು ಎಂಥ ಅವಮಾನ! ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟಿಕೊಂಡು ತಿನ್ನುವ ಹಾಗಾದರೂ ಸರಿ, ಈ ಬಾರಿ ದೊಡ್ಡ ಲೆನ್ಸೇ ಎಂದು ಆವತ್ತೇ ಗೀಚಿದೆ. ಗಂಡನ ಮೇಲಿನ ಸಿಟ್ಟಿನಲ್ಲಿ ತೆಗೆದುಕೊಂಡ ಎಷ್ಟೋ ನಿರ್ಧಾರಗಳಲ್ಲಿ ಇದೂ ಒಂದು.

ನಾವು ಈಗಿರುವ ಊರಿಗೆ ಹತ್ತಿರದಲ್ಲೇ ಅಜಂತಾ ಇದೆ. ಪ್ರತಿ ಸಲ ನೆಂಟರು ಬಂದಾಗಲೂ ಕರೆದುಕೊಂಡು ಹೋಗಬೇಕಾದ್ದರಿಂದ ಆ ಗುಹೆಗಳು ನನಗೆ ನಮ್ಮ ಮನೆಯ ಅಟ್ಟದಷ್ಟು ಪರಿಚಯ. ಕತ್ತಲ ಗುಹೆಯೊಳಗೆ ಬಿಳಿ ಬಟ್ಟೆ ಹಾಸಿ, ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿಕೊಂಡು ಆ ಚಿತ್ರಗಳನ್ನು ಬರೆದರು ಎಂದು ಅಲ್ಲಿನ ಗೈಡುಗಳು ಹೇಳುತ್ತಾರೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಬಂದ ಯಾರೂ, ಈ ಕಣ್ಣಿನ ರೆಪ್ಪೆ ಬರೆದ ಪುಣ್ಯಾತ್ಮನ ಕುಂಚ ಯಾವ ಕಂಪನಿಯದು, ಅದರಲ್ಲಿ ಎಷ್ಟು ಕೂದಲಿದ್ದವು ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ನಾನು ಮಾತ್ರ ಅಲ್ಲಿಯೂ ನಿಂತು, ಇಷ್ಟು ಕಡಿಮೆ ಬೆಳಕಿಗೆ ಯಾವ ಲೆನ್ಸು ಬೇಕಾಗಬಹುದು ಎಂದು ಯೋಚಿಸಿದವಳು. ಆ ಚಿತ್ರಗಾರರು ಹತ್ತಿರದಿಂದ, ಗೋಡೆಗೆ ಮೂಗು ತಾಗಿಸಿಕೊಂಡು ಕೆಲಸ ಮಾಡಿದ್ದರು ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಲೆನ್ಸು ಕೊಂಡದ್ದು ನಾಸಿಕ್‌ನಲ್ಲಿ. ನನ್ನ ತಂಗಿಯ ಮನೆ ಅಲ್ಲಿದೆ. ಕ್ಯಾಮೆರಾ ಅಂಗಡಿಯೊಂದರಲ್ಲಿ ಯಾರೋ ಒಬ್ಬರು ಬಳಸಿ ಬಿಟ್ಟ ದೊಡ್ಡ ಲೆನ್ಸು ಇದೆ ಎಂದು ಗೊತ್ತಾಗಿ ಒಂದು ಶನಿವಾರ ಗಂಡನನ್ನು ಕರೆದುಕೊಂಡು ಹೋದೆ. ನೂರೈವತ್ತರಿಂದ ಆರುನೂರು ಮಿಲಿಮೀಟರಿನದು. ಅಂದರೆ, ಕೆರೆಯ ಆಚೆ ದಡದಲ್ಲಿ ಕೂತ ಕೊಕ್ಕರೆಯ ಕಣ್ಣಿನ ಬಣ್ಣ ಹೇಳಬಲ್ಲ ಲೆನ್ಸು. ಉದ್ದದಲ್ಲಿ ನಮ್ಮ ಮನೆಯ ನೀರಿನ ಫ್ಲಾಸ್ಕಿನ ಹಾಗಿದೆ, ತೂಕದಲ್ಲಿ ತುಂಬಿದ ಫ್ಲಾಸ್ಕಿಗಿಂತ ಹೆಚ್ಚು. ಅಂಗಡಿಯವನು ಎಲ್ಲವನ್ನೂ ನಮ್ಮ ಮನೆಯವರಿಗೆ ವಿವರಿಸಿದ. ಕ್ಯಾಮೆರಾದಲ್ಲಿ ಮುಂದು ಯಾವುದು ಹಿಂದು ಯಾವುದು ಎಂದು ಗೊತ್ತಿಲ್ಲದ ಅವರು ಎಲ್ಲದಕ್ಕೂ ತಲೆಯಾಡಿಸಿದರು. ನಾನು ಒಂದು ಪ್ರಶ್ನೆ ಕೇಳಿದರೆ ಉತ್ತರ ಅವರಿಗೆ ಹೋಗುತ್ತಿತ್ತು. ಕೊನೆಗೆ ಆತ, "ಸರ್, ಮೇಡಂ ಹತ್ರ ಇರೋ ಚಿಕ್ಕ ಲೆನ್ಸು ಎಕ್ಸ್‌ಚೇಂಜ್ ಕೊಟ್ಟುಬಿಟ್ಟರೆ ನಿಮಗೇ ಹಗುರ" ಎಂದು ಹಿಂದಿಯಲ್ಲಿ ಅವರಿಗೇ ಹೇಳಿದ. ಚಿಕ್ಕ ಲೆನ್ಸು ಎಂದರೆ ಕ್ಯಾಮೆರಾ ಕೊಂಡಾಗ ಅದರ ಜೊತೆಗೇ ಬಂದದ್ದು. ಪುಕ್ಕಟೆ ಬಂದದ್ದಕ್ಕೆ ಎಷ್ಟು ಮರ್ಯಾದೆಯೋ ಅಷ್ಟು ಮರ್ಯಾದೆಯಲ್ಲಿ ಆರು ವರ್ಷ ನನ್ನ ಬಳಿ ಇತ್ತು. ಗಂಟಲವರೆಗೆ ಬಂದ ಸಿಟ್ಟನ್ನು ನುಂಗಿ, ಅವನಿಗೆ ನಾನು ಏನು ಎಂದು ತೋರಿಸುವ ಹಟದಲ್ಲಿ, ಅದನ್ನು ಕ್ಯಾಮೆರಾದಿಂದ ತಿರುಗಿಸಿ ಬಿಚ್ಚಿ ಮೇಜಿನ ಮೇಲೆ ಇಟ್ಟೆ.

ಮರುದಿನ ಭಾನುವಾರ ಬೆಳಗ್ಗೆ ಊರಿಗೆ ಮರಳುವ ದಾರಿಯಲ್ಲಿ ನಾಂದೂರ್ ಮಧ್ಯಮೇಶ್ವರದ ಹಿನ್ನೀರಿನ ಹತ್ತಿರ ಕಾರು ನಿಲ್ಲಿಸಿದೆವು. ಹಕ್ಕಿಗಳ ಊರು ಅದು. ಮಂಜು ಇನ್ನೂ ಕರಗಿರಲಿಲ್ಲ. ನೀರಿನ ನಡುವೆ ಎಲ್ಲೋ ಚುಕ್ಕೆಯಂತಿದ್ದ ಒಂದು ಬಾತು, ಲೆನ್ಸಿನೊಳಗೆ ಬಂದು ನನ್ನ ಎದುರು ಕೂತುಬಿಟ್ಟಿತು. ಕೊಕ್ಕಿನ ತುದಿಯಲ್ಲಿ ನೀರಿನ ಹನಿ ಕಾಣುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಹತ್ತು ನಿಮಿಷ ನಾನು ಯಾರ ಮೇಲೂ ಸಿಟ್ಟಾಗಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಮಾಡಿದವನು ಮಲ್ಲಣ್ಣ, ನಮ್ಮ ಗಲ್ಲಿಯ ಹಿಟ್ಟಿನ ಗಿರಣಿಯ ಶಿವಲಿಂಗಪ್ಪ ಕಾಕಾನ ಹಿರಿಯ ಮಗ.

"ಅಕ್ಕಾ, ಅಪ್ಪ ನಸುಕಿನ್ಯಾಗ ಹೋಗಿಬಿಟ್ರು. ಅವ್ವ ನಿಮಗ ಕ್ಯಾಮೆರಾ ತಗೊಂಡ್ ಬರ್ರಿ ಅಂತ ಹೇಳ್ಯಾಳ. ನಿಮ್ಮನ್ನ ಬಿಟ್ಟು ಬ್ಯಾರೆದೋರ್ನ ಕರೀಬ್ಯಾಡ ಅಂದಾಳ" ಎಂದ.

ಶಿವಲಿಂಗಪ್ಪ ಕಾಕಾ ಆಳಂದದ ಕಡೆಯವರು. ವಾಳೂಜಿಗೆ ಬಂದು ಮೂವತ್ತೈದು ವರ್ಷವಾಗಿತ್ತು. ನಮ್ಮ ಕಡೆಯ ಮಂದಿಗೆ ಜೋಳದ ಹಿಟ್ಟು ಎಂದರೆ ಅಂಗಡಿಯ ಪ್ಯಾಕೆಟ್ಟಿನದು ಆಗುವುದಿಲ್ಲ, ಕಣ್ಣೆದುರಿಗೆ ಬೀಸಿಸಿ ಬಿಸಿಬಿಸಿ ತರಬೇಕು. ಹಾಗಾಗಿ ಕಾಕಾನ ಗಿರಣಿ ಎಂದರೆ ವಾಳೂಜಿನ ಕನ್ನಡದವರಿಗೆಲ್ಲ ಭಾನುವಾರದ ಕಟ್ಟೆ. ಮುಂದೆ ಗಿರಣಿ, ಹಿಂದೆ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆ, ಅದರಾಚೆ ಅಡಿಗೆಗೆ ಇಷ್ಟು ಜಾಗ. ಕಾಕಾ ಮುಂದೆ, ಅವರ ಹೆಂಡತಿ ನೀಲಮ್ಮ ಕಾಕಿ ಹಿಂದೆ. ಕಾಕಾ ಊಟಕ್ಕೆ ಒಳಗೆ ಹೋದರೆ ಕಾಕಿ ಗಿರಣಿಗೆ ಬರುತ್ತಿದ್ದರು. ಗಿರಣಿಯನ್ನು ಬಿಟ್ಟು ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋದದ್ದಿಲ್ಲ. ಅವರ ಮದುವೆಯಲ್ಲಿ ಫೋಟೋ ತೆಗೆಯುವವರು ಇರಲಿಲ್ಲ. ಮಲ್ಲಣ್ಣನ ಮದುವೆಯಲ್ಲಿ ಇದ್ದರು, ಆದರೆ ಮನೆಯವರೆಲ್ಲ ನಿಂತ ಹೊತ್ತಿಗೆ ಕಾಕಾ ಅಡಿಗೆಯವರ ಹತ್ತಿರ ಇದ್ದರು. ಗಂಡ ಹೆಂಡತಿ ಇಬ್ಬರೂ ಇರುವ ಒಂದೇ ಒಂದು ಫೋಟೋ ಆ ಮನೆಯಲ್ಲಿರಲಿಲ್ಲ. ಇದು ನನಗೂ ಗೊತ್ತಿತ್ತು. ಕಾಕಿ ಹಿಂದೆ ಒಮ್ಮೆ ಹೇಳಿದ್ದರು, ದುಃಖದಿಂದಲ್ಲ, ಸುದ್ದಿ ಹೇಳುವ ಹಾಗೆ.

ಹೋದಮೇಲೆ ಫೋಟೋ ಏಕೆ ಎಂದು ನೀವು ಕೇಳುವುದಿಲ್ಲ ಎಂದು ನಂಬಿದ್ದೇನೆ. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಕತ್ತು ವಾಲದಂತೆ ಬಟ್ಟೆ ಕಟ್ಟಿ, ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿದಾಗ ಪೂಜೆಗೆ ಕೂತವರ ಹಾಗೆಯೇ ಕಾಣುತ್ತಾರೆ. ಸುತ್ತಲೂ ಮನೆಮಂದಿ ಕೂತು ಒಂದು ಫೋಟೋ ತೆಗೆಸುತ್ತಾರೆ. ಆಮೇಲೆ ಗೋಡೆಗೆ ಏರುವುದು ಅದೇ. ವಾಳೂಜಿನ ಸ್ಟುಡಿಯೋದವರಿಗೆ ಇದು ಗೊತ್ತಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಕನ್ನಡದವರ ಮನೆಗೆ ಬಂದ ಮರಾಠಿ ಹುಡುಗನೊಬ್ಬ, ಎಲ್ಲರನ್ನೂ ನೆಟ್ಟಗೆ ಕೂಡಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದು, ನಡುವೆ ಕೂತಿದ್ದ ಹಿರಿಯರಿಗೆ, ಅಜ್ಜಾ ಸ್ವಲ್ಪ ಕತ್ತು ಮೇಲೆತ್ತಿ, ಕಣ್ಣು ಬಿಡಿ ಎಂದು ಮೂರು ಸಲ ಹೇಳಿದ. ನಾಲ್ಕನೆಯ ಸಲ ಯಾರೋ ಅವನ ಕಿವಿಯಲ್ಲಿ ವಿಷಯ ಹೇಳಿದರು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದ. ಅಂದಿನಿಂದ ಇಂಥ ಹೊತ್ತಿನಲ್ಲಿ ನಮ್ಮವರು ನನ್ನನ್ನೇ ಕರೆಯುತ್ತಾರೆ.

ಯೇವಲಾ, ವೈಜಾಪುರ, ಗಂಗಾಪುರ ದಾಟಿ ಕಾರು ಓಡುತ್ತಿದ್ದಾಗ ನಾನು ಏನು ಯೋಚಿಸುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಾಕಾ ಹೋದ ದುಃಖವಿತ್ತು. ಅದರ ಪಕ್ಕದಲ್ಲೇ, ಸರಿಯಾದ ಹೊತ್ತಿಗೆ ಸರಿಯಾದ ಲೆನ್ಸು ಕೈಗೆ ಬಂತಲ್ಲ ಎಂಬ ಹೆಮ್ಮೆಯೂ ಕೂತಿತ್ತು. ಇಷ್ಟು ಬೆಲೆಯ ಲೆನ್ಸಿನಿಂದ ಆ ಮನೆಯ ಫೋಟೋ ಯಾರೂ ತೆಗೆದಿರಲಿಕ್ಕಿಲ್ಲ ಅಂದುಕೊಂಡೆ. ಗಂಗಾಪುರದ ಹತ್ತಿರ ಚೀಲದಿಂದ ತೆಗೆದು ಗಾಜು ಒರೆಸಿದೆ. ಹೌದು, ಒರೆಸುವಾಗಲೂ ನನ್ನ ತಲೆಗೆ ಹೊಳೆಯಲಿಲ್ಲ. ದಿನಕ್ಕೆ ನಾನೂರು ಪಾರ್ಟು ಅಳೆಯುವ ಹೆಂಗಸು, ಒಂದು ಕೋಣೆಯ ಅಳತೆಯನ್ನು ತಲೆಯಲ್ಲಿ ಹಾಕಿಕೊಳ್ಳಲಿಲ್ಲ.

ಗಲ್ಲಿಯ ತುಂಬ ಜನ. ನನ್ನ ಕೈಯಲ್ಲಿದ್ದುದನ್ನು ನೋಡಿ ಯಾರೋ ಹಿರಿಯರು, "ಸರೀರಿ, ಸರೀರಿ, ದೊಡ್ಡ ಕ್ಯಾಮೆರಾ ಬಂದದ" ಎಂದರು. ಭಜನೆಯವರು ಕೂಡ ತಾಳ ನಿಲ್ಲಿಸಿ ದಾರಿ ಬಿಟ್ಟರು. ಒಳಗೆ ಎದುರುಗೋಡೆಗೆ ಕಾಕಾ ಕೂತಿದ್ದರು. ಇಡೀ ಜೀವಮಾನ ಹಿಟ್ಟಿನಿಂದ ಬೆಳ್ಳಗಿದ್ದ ಹಣೆ ಅಂದು ವಿಭೂತಿಯಿಂದ ಬೆಳ್ಳಗಿತ್ತು. ಅವರ ಎಡಕ್ಕೆ ಕಾಕಿ. ಸುತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಆಳಂದದಿಂದ ಅದೇ ತಾನೆ ಬಂದಿಳಿದ ತಮ್ಮಂದಿರು. ನನ್ನನ್ನು ನೋಡಿದ ಕೂಡಲೇ ಎಲ್ಲರೂ ಅಳು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ.

ಒಳಗೆ ಏನೂ ಕಾಣಲಿಲ್ಲ. ಬಿಳಿ ಮಂಜು. ಒಂಬತ್ತು ಅಡಿಗಿಂತ ಹತ್ತಿರ ಇರುವ ಯಾವುದನ್ನೂ ಆ ಲೆನ್ಸು ನೋಡುವುದಿಲ್ಲ. ಹಿಂದೆ ಸರಿದೆ, ಬೆನ್ನು ಗೋಡೆಗೆ ತಾಗಿತು. ಮೂಲೆಗೆ ಹೋದೆ, ಕಾಲು ನೀರಿನ ಕೊಡಕ್ಕೆ ತಾಗಿತು. ಮೂಲೆಯಿಂದ ಕೊನೆಗೂ ಒಂದಿಷ್ಟು ಸ್ಪಷ್ಟವಾಗಿ ಕಂಡಿತು: ಕಾಕಾನ ಅರ್ಧ ಮೀಸೆ ಮತ್ತು ಎರಡು ಚೆಂಡುಹೂವು. ಚೆಂಡುಹೂವಿನ ಒಂದೊಂದು ಎಸಳೂ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನನಗೆ ಅಳು ಬಂತು. ಹದಿನೇಳು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ನಿಮಿಷ, ಎರಡು ನಿಮಿಷ. ಒಂದು ಮಗು ಅತ್ತಿತು. ಆ ಪುಟ್ಟ ಲೆನ್ಸು ಇದ್ದಿದ್ದರೆ ಬಾಗಿಲಲ್ಲಿ ನಿಂತು ಕಾಕಾನೂ ಸೇರಿ ಹದಿನೆಂಟು ಜನರನ್ನೂ ಹಿಡಿದು ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದೆ. ಅದು ನಾಸಿಕ್‌ನ ಒಂದು ಮೇಜಿನ ಮೇಲೆ ಇತ್ತು. ನಿನ್ನೆ ಮಧ್ಯಾಹ್ನದವರೆಗೆ ನನ್ನ ಬಳಿ ಇತ್ತು.

"ಆಗಂಗಿಲ್ಲ ಮಲ್ಲಣ್ಣಾ, ಇದು ದೂರದ್ದು ತೆಗಿಯೂ ಲೆನ್ಸ್ ಅದ. ಇಷ್ಟು ಹತ್ರ ಬರಂಗಿಲ್ಲ" ಎಂದೆ.

ಮಲ್ಲಣ್ಣ ಲೆನ್ಸನ್ನು ನೋಡಿದ, ನನ್ನನ್ನು ನೋಡಿದ. "ಇಷ್ಟ್ ದೊಡ್ಡ ದುರ್ಬೀನ್ ಹಿಡ್ದೀರಿ. ಮನ್ಯಾಗಿನ ಮಂದಿ ಕಾಣಂಗಿಲ್ಲ ಅಂದ್ರ ಹ್ಯಾಂಗ್ರಿ ಅಕ್ಕಾ?" ಎಂದ. ತಂದೆ ತೀರಿಹೋದ ಮನುಷ್ಯ, ವ್ಯಂಗ್ಯವಾಗಿ ಹೇಳಲಿಲ್ಲ, ನಿಜವಾಗಿಯೂ ಕೇಳಿದ. ಒಬ್ಬ ಮೊಮ್ಮಗ ಫೋನು ತೆಗೆದ. "ಫೋನಿಂದು ಬ್ಯಾಡ" ಎಂದರು ಕಾಕಿ. "ಕೂಸಿನ ತೊಟ್ಲದ ಫೋಟೋ ಎಲ್ಲಾ ಫೋನಿನ್ಯಾಗೇ ಇದ್ವು. ಫೋನ್ ಕೆಟ್ತು, ಎಲ್ಲಾ ಹೋದ್ವು. ಇವರದೂ ಹಂಗ ಹೋಗೂದು ಬ್ಯಾಡ ನನಗ."

ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದು ಕಷ್ಟ. ಶಾಶ್ವತ ಲೆನ್ಸಿನ ಪಂಡಿತನ ಮೇಲೆ, ಗಾಜು ಎಣಿಸುವ ಆಫೀಸಿನವನ ಮೇಲೆ, ಸರ್ ಸರ್ ಎಂದ ನಾಸಿಕ್‌ನವನ ಮೇಲೆ ಒಬ್ಬೊಬ್ಬರ ಮೇಲೂ ಬಂತು. ಬಂದದ್ದೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಏಕೆಂದರೆ ನೀವೇ ನೋಡಿ, ನನ್ನನ್ನು ಯಾರು ಕರೆಯುತ್ತಾರೆ? ತೊಟ್ಟಿಲಿಗೆ ಕರೆಯುತ್ತಾರೆ, ಬಸುರಿಯ ಕುಬುಸಕ್ಕೆ ಕರೆಯುತ್ತಾರೆ, ಮನೆ ಹೊಕ್ಕಾಗ ಕರೆಯುತ್ತಾರೆ, ಹೀಗೆ ಹೋದಾಗ ಕರೆಯುತ್ತಾರೆ. ಎಲ್ಲವೂ ಇಂಥದೇ ಬಾಡಿಗೆಯ ಕೋಣೆಗಳಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ನಡೆಯುತ್ತದೆ. ಅರ್ಧ ಮೈಲಿ ಆಚೆ ನಿಂತು ನನ್ನ ಫೋಟೋ ತೆಗಿ ಎಂದು ಈ ಆರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಬಾತುಕೋಳಿಯಂತೂ ಕೇಳಿರಲೇ ಇಲ್ಲ.

ಜಾಗ ತೋರಿಸಿದವಳು ಎದುರುಮನೆಯ ಮಂದಾ. ಮರಾಠಿಯವಳು, ಇಪ್ಪತ್ತು ವರ್ಷದಿಂದ ಗೋಧಿ ಬೀಸಿಸಿದವಳು. ತನ್ನ ಮನೆಯ ಮೇಲಿನ ಗಚ್ಚಿಯಿಂದ ಗಿರಣಿಯ ಕಟ್ಟೆ ನೇರ ಕಾಣುತ್ತದೆ, ಅಲ್ಲಿಂದ ತೆಗೆಯಿರಿ ಎಂದಳು. ಆದರೆ ಕಾಕಾ ಇದ್ದುದು ಹಿಂದಿನ ಕೋಣೆಯಲ್ಲಿ. ಅಲ್ಲಿಂದ ಮುಂದೆ ತಂದು ಕೂಡಿಸಬೇಕಾಗಿತ್ತು. ಪೂಜೆ ಮಾಡಿಸುತ್ತಿದ್ದ ಅಯ್ಯನವರು ತಲೆ ಅಲ್ಲಾಡಿಸಿದರು. "ಕೂಡ್ಸಿ ಪೂಜಿ ಆದಮ್ಯಾಲ ನಡುವ ಎಬ್ಬಸೂದು ಪದ್ಧತಿ ಇಲ್ರಿ. ಎಬ್ಬಿಸಿದ್ರ ಒಯ್ಯೂದೇ" ಎಂದರು. ಹಿರಿಯರು ಹೌದು ಹೌದೆಂದರು. ಒಂದು ಫೋಟೋಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಯಾರೋ ಗೊಣಗಿದರು, ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಫ್ಲಾಸ್ಕಿನಂಥ ಲೆನ್ಸಿನ ಮೇಲಿತ್ತು.

ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಅಯ್ನೋರೆ, ಅವ್ರು ಜಲ್ಮೆಲ್ಲಾ ಅಲ್ಲೇ ಕುಂತೋರು. ಒಯ್ಯೂದೂ ಗಿರಣಿ ದಾಟೇ ಒಯ್ಯಬೇಕಲ್ಲ. ದಾರ್ಯಾಗ ಒಂದ್ ಗಳಿಗಿ ಕುಂದ್ರಲಿ. ನಾನೂ ಕುಂದರ್ತೀನಿ. ಇಬ್ರೂ ಕೂಡಿ ಒಮ್ಮೆರೆ ಅಲ್ಲಿ ಕುಂತಿಲ್ಲ."

ಅಯ್ಯನವರು ಮಲ್ಲಣ್ಣನ ಕಡೆ ತಿರುಗಿದರು. "ಆಯ್ತು, ಎತ್ರಿ" ಎಂದರು.

ಹೀಗೆ ಕಾಕಾನನ್ನು ಗಿರಣಿಯ ಕಟ್ಟೆಗೆ ತಂದು ಕೂಡಿಸಿದರು. ಮಗ್ಗುಲಲ್ಲಿ ಕಾಕಿ ಕೂತರು. ಇಬ್ಬರ ಹಿಂದೆ ಮುಂದೆ ಉಳಿದವರು ಸೇರಿಕೊಂಡರು. ನಾನು ಗಚ್ಚಿಗೆ ಓಡಿದೆ. ನೀರಿನ ಟಾಕಿಗೆ ಬೆನ್ನು ಒತ್ತಿ ನಿಂತರೆ ಲೆನ್ಸಿನಲ್ಲಿ ಎಷ್ಟು ಹಿಡಿಸಿತು ಗೊತ್ತೆ? ಇಬ್ಬರೇ. ಕಾಕಾ, ಕಾಕಿ. ಆಚೆ ಒಂದು ಮೊಣಕೈ, ಈಚೆ ಒಂದು ಸೀರೆಯ ತುದಿ. ಇನ್ನೂ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ಕೆಳಗೆ ಹದಿನಾರು ಜನ ಮೇಲೆ ಮುಖ ಮಾಡಿ, ತಾವೂ ಬರುತ್ತಿದ್ದೇವೆ ಎಂದು ನಂಬಿ ನೆಟ್ಟಗೆ ನಿಂತಿದ್ದರು. ನಾನು ಏನೂ ಹೇಳದೆ ಗುಂಡಿ ಒತ್ತಿದೆ. ಇಪ್ಪತ್ತು ಸಲ ಒತ್ತಿರಬೇಕು.

ವಿಷಯ ಗೊತ್ತಾದಾಗ ತಮ್ಮಂದಿರು ಕೆರಳಿದರು. ಆಳಂದದಿಂದ ಗಾಡಿ ಮಾಡಿಕೊಂಡು ಬಂದವರು, ಅಣ್ಣನ ಕೊನೆಯ ಫೋಟೋದಲ್ಲಿ ಇಲ್ಲವೆಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಅವರಲ್ಲಿ ಒಬ್ಬರು, "ನಮ್ ಮೊಣಕೈ ಒಂದರೆ ಬಂದದಲ್ಲ, ಹೆಸರು ಬರ್ದು ಕೊಡ್ರಿ" ಎಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೈಸಿಕೊಳ್ಳುವುದರಲ್ಲಿ ಒಂದು ಸಮಾಧಾನವಿತ್ತು.

ಆ ವಾರವೇ ನಾಸಿಕ್‌ನ ಅಂಗಡಿಗೆ ಫೋನು ಮಾಡಿ ನನ್ನ ಪುಟ್ಟ ಲೆನ್ಸನ್ನು ವಾಪಸ್ಸು ಕೇಳಿದೆ. ಭಾನುವಾರವೇ ಮಾರಿಹೋಯಿತು ಎಂದ. ಅಂಥದ್ದಕ್ಕೆ ಗಿರಾಕಿಗಳು ಕಾದಿರುತ್ತಾರೆ ಸರ್ ಎಂದು, ಹೆಂಗಸಿನ ದನಿ ಕೇಳಿಯೂ, ಸರ್ ಎಂದೇ ಹೇಳಿದ. ಇನ್ನೊಂದು ಕಡೆ ಅಂಥದೇ ಒಂದನ್ನು ಹುಡುಕಿ ಕೊಂಡೆ. ಅದರ ಬೆಲೆ ಒಂದು ಮಿಕ್ಸರಿನಷ್ಟೇ ಆಯಿತು. ನಮ್ಮ ಮನೆಯವರು ಅದನ್ನು ನೋಡಿ ಒರಳಿನ ಹತ್ತಿರ ಹೋಗಿ ಕೂತು ಶೇಂಗಾ ಕುಟ್ಟತೊಡಗಿದರು. ಅವರು ಕುಟ್ಟಿದ ರೀತಿಯಲ್ಲಿ ಒಂದು ಅಭಿಪ್ರಾಯವಿತ್ತು.

ಫೋಟೋ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಹದಿನೈದು ದಿನ ಬಿಟ್ಟು ಕಾಕಿಗೆ ಒಯ್ದುಕೊಟ್ಟೆ. ಗಿರಣಿ ನಡೆಯುತ್ತಿತ್ತು. ಮಲ್ಲಣ್ಣ ಕಾರ್ಖಾನೆಗೆ ಹೋಗುವುದರಿಂದ ಈಗ ಕಾಕಿಯೇ ಮುಂದೆ ಕೂರುತ್ತಾರೆ. ಗಿರಣಿ ನಿಲ್ಲಿಸಿ, ಕೈ ಒರೆಸಿಕೊಂಡು, ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ತಪ್ಪು ಹೇಳುವುದಿಲ್ಲ, ಫೋಟೋ ಚೆನ್ನಾಗಿ ಬಂದಿತ್ತು. ಕಾಕಿಯ ಮುಖದ ಒಂದೊಂದು ಗೆರೆಯೂ, ಕಾಕಾನ ಕೈಯ ಮೇಲಿಟ್ಟ ಕೈಯ ಬಳೆಗಳೂ ಕಾಣುತ್ತಿದ್ದವು. ನನ್ನ ಹೆಮ್ಮೆ ಮೆಲ್ಲಗೆ ತಲೆ ಎತ್ತಲು ನೋಡಿತು.

"ಕಣ್ಣ್ ಮುಚ್ಚ್ಯಾರಲ್ಲ" ಎಂದರು ಕಾಕಿ.

ನಾನೂ ಬಗ್ಗಿ ನೋಡಿದೆ.

"ಕಣ್ಣ್ ತೆರ್ದಿದ್ದು ಒಂದ್ ಇದ್ದಿದ್ರ..." ಎಂದು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಐತಾರಕ್ಕೊಮ್ಮೆ ಜ್ವಾಳ ತಗೊಂಡ್ ಬರ್ತಿದ್ದಿ ನೀ. ಇಲ್ಲೇ ಕುಂದರ್ತಿದ್ದಿ, ಅವರ್ ಜೋಡಿ ಮಾತಾಡ್ತಿದ್ದಿ. ಆಗ ಈ ಕ್ಯಾಮೆರಾ ಇರಲಿಲ್ಲೇನು?" ಎಂದರು.

"ಇತ್ತು ಕಾಕಿ. ಚೀಲದಾಗ ಇರ್ತಿತ್ತು."

"ಮತ್ತ ಹೊರಗ ತೆಗೀಲಿಲ್ಲ ಯಾಕ?"

ಆರು ವರ್ಷ, ವಾರಕ್ಕೊಂದು ಭಾನುವಾರ. ಪುಟ್ಟ ಲೆನ್ಸು ಹಾಕಿದ ಕ್ಯಾಮೆರಾ ನನ್ನ ತೊಡೆಯ ಮೇಲೆ, ಎರಡು ಮಡಿಕೆ ಬಟ್ಟೆಯಲ್ಲಿ ಸುತ್ತಿ, ಚೈನು ಎಳೆದ ಚೀಲದಲ್ಲಿ. ಕಾಕಾ ಎದುರಿಗೆ, ಕಣ್ಣು ತೆರೆದುಕೊಂಡು. ಏಕೆ ತೆಗೆಯಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೇಳೋಣ ಅನ್ನಿಸಿತು, ಬಾಯಿಗೆ ಬರಲಿಲ್ಲ.

"ಹಿಟ್ಟಿನ ಧೂಳು ಲೆನ್ಸಿನೊಳಗ ಹೋಗ್ತದಂತ ಹೆದರ್ತಿದ್ದೆ ಕಾಕಿ."

ಕಾಕಿ ಫೋಟೋದ ಗಾಜಿನ ಮೇಲೆ ಅಷ್ಟರಲ್ಲೇ ಕೂತಿದ್ದ ತೆಳ್ಳನೆಯ ಹಿಟ್ಟನ್ನು ಸೆರಗಿನಿಂದ ಒಮ್ಮೆ ಒರೆಸಿದರು.

"ಹಿಟ್ಟು ಝಾಡಿಸಿದ್ರ ಹೋಗ್ತದಲ್ಲವ್ವಾ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಏನಾದರೊಂದು ಉತ್ತರ ಕೊಡಲು ನನಗೆ ಬರುತ್ತಿತ್ತು.